ಮುಂದೆ ಕೋಟೆ, ಹಿಂದೆ ಬಯಲು: ಕಾರ್ ವಾರ್ಸ್‌ನಲ್ಲಿ ಹೀಗೆ ಆರ್ಮರ್ ಹಂಚಬೇಡಿ

ಆಯುಧ ಹೊತ್ತ ಕಾರುಗಳು ಕಾದಾಡುವ ಬೋರ್ಡ್ ಗೇಮ್ ಕಾರ್ ವಾರ್ಸ್ ಆಡೋಕೆ ಹೊಸದಾಗಿ ಕಾರು ಕಟ್ಟುತ್ತಿದ್ದೀರಾ? ದಯವಿಟ್ಟು ಮೊದಲು ಇದನ್ನು ಓದಿ. ಎರಡು ಗಂಟೆ ಕೂತು ಕಟ್ಟಿದ ನನ್ನ ಕಾರು ಆಟದ ಲೆಕ್ಕದಲ್ಲಿ ಹತ್ತು ಸೆಕೆಂಡ್ ಕೂಡ ಉಳಿಯಲಿಲ್ಲ.

ನಾವು ಆಡುವುದು 1980ರ ದಶಕದ ಹಳೆಯ ನಿಯಮಗಳನ್ನು. ಆರನೇ ಆವೃತ್ತಿಯ ಲೆಕ್ಕ ಬೇರೆ. ಹಳೆಯದರಲ್ಲಿ ಕಾರಿಗೆ ಆರು ಕಡೆ ಆರ್ಮರ್, ಅಂದರೆ ಏಟು ತಡೆಯುವ ಕವಚ, ಇರುತ್ತದೆ: ಮುಂದೆ, ಹಿಂದೆ, ಎಡ, ಬಲ, ಮೇಲೆ, ಅಡಿಗೆ. ಮಿಡ್‌ಸೈಜ್ ಕಾರಿಗೆ ಒಂದು ಪಾಯಿಂಟ್ ಆರ್ಮರ್‌ಗೆ ಆಟದ ದುಡ್ಡಿನಲ್ಲಿ 16 ಡಾಲರ್, ತೂಕ 8 ಪೌಂಡ್. ನಾನು 100 ಪಾಯಿಂಟ್ ಕೊಂಡೆ. 1,600 ಡಾಲರ್, 800 ಪೌಂಡ್. ಪಂದ್ಯದ ಒಟ್ಟು ಮಿತಿ 10,000 ಡಾಲರ್.

ಮಷಿನ್ ಗನ್‌ಗಳು ಮುಂದಿವೆ, ಎದುರಾಳಿಯ ಮೇಲೆ ನೇರ ನುಗ್ಗುತ್ತೇನೆ, ಹಾಗಾಗಿ ಏಟು ಬೀಳುವುದೂ ಮುಂದೆಯೇ ಅಂದುಕೊಂಡೆ. ಮುಂದೆ 50 ಪಾಯಿಂಟ್ ಸುರಿದೆ. ಎಡ ಬಲಕ್ಕೆ 17, 17. ಹಿಂದೆ 10. ಮೇಲೆ 3, ಅಡಿಗೆ 3.

ಎದುರಿಗಿದ್ದ ಗೆಳೆಯ ಹತ್ತು ವರ್ಷದಿಂದ ಆಡುವವನು. ಅವನು ನನ್ನ ಮುಂದೆ ನಿಲ್ಲಲೇ ಇಲ್ಲ. ಒಂದು ಸಲ ಗುಂಡು ಹಾರಿಸಿದ, ಮುಂದಿನ ಆರ್ಮರ್‌ನ 4 ಪಾಯಿಂಟ್ ಹೋಯಿತು. ಪಕ್ಕದಲ್ಲೇ ಹಾದುಹೋಗಿ ನನ್ನ ದಾರಿಗೆ ಮೈನ್ (ನೆಲಬಾಂಬ್) ಚೆಲ್ಲಿದ. ಅಡಿಯ 3 ಪಾಯಿಂಟ್ ಒಂದೇ ಸ್ಫೋಟಕ್ಕೆ ಖಾಲಿ. ಕಾರಿನ ಹಿಡಿತ ತಪ್ಪಿತು, ತಿರುಗಿಸಲು ಹೋದರೆ ಪಲ್ಟಿಯಾಗುವ ಭಯ. ಅಷ್ಟರಲ್ಲಿ ಅವನು ನನ್ನ ಬೆನ್ನಿಗೆ ಬಿದ್ದಿದ್ದ. ಮೂರು ಏಟು: 4, 3, 5. ಒಟ್ಟು 12. ಹಿಂದೆ ಇದ್ದದ್ದು 10.

ಉಳಿದ 2 ಎಲ್ಲಿಗೆ ಹೋಯಿತು ಗೊತ್ತಾ? ಸೀದಾ ಡ್ರೈವರ್‌ಗೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮುಂದಿನಿಂದ ಬಂದ ಏಟು ಆರ್ಮರ್ ದಾಟಿದ ಮೇಲೂ ಮೊದಲು ಮುಂದಿನ ಗನ್‌ಗೆ, ಆಮೇಲೆ ಎಂಜಿನ್‌ಗೆ ತಗಲಿ, ಕೊನೆಗೆ ಡ್ರೈವರ್ ಹತ್ತಿರ ಬರುತ್ತದೆ. ಹಿಂದಿನಿಂದ ಬಂದರೆ ಈ ಸಾಲು ತಿರುಗುಮುರುಗು. ಹಿಂದೆ ಆಯುಧವೂ ಇಲ್ಲ, ಸಾಮಾನೂ ಇಲ್ಲ ಅಂದರೆ ಆರ್ಮರ್ ಆದ ಕೂಡಲೇ ಡ್ರೈವರ್! ಅಂದರೆ ಯಾವ ಕಡೆ ಡ್ರೈವರ್‌ಗೆ ಬೇರೇನೂ ಅಡ್ಡ ಇಲ್ಲವೋ, ಅಲ್ಲೇ ನಾನು ಕಡಿಮೆ ಕವಚ ಹಾಕಿದ್ದೆ. ಡ್ರೈವರ್ ತಡೆಯುವುದು 3 ಪಾಯಿಂಟ್ ಮಾತ್ರ. 2 ಹೋದರೆ ಪ್ರಜ್ಞೆ ತಪ್ಪುತ್ತಾನೆ. 250 ಡಾಲರ್‌ನ ಬಾಡಿ ಆರ್ಮರ್ ತೊಡಿಸಿದ್ದರೆ ಆ 2 ಪಾಯಿಂಟ್ ಅದಕ್ಕೇ ಮುಗಿಯುತ್ತಿತ್ತು. ಗನ್‌ನ ಗುಂಡುಗಳಿಗೆ ದುಡ್ಡು ಬೇಕು ಅಂತ ಅದನ್ನು ಬಿಟ್ಟಿದ್ದೆ.

ಆಟ ಮುಗಿದಾಗ ಮುಂದಿನ ಆರ್ಮರ್ ಇನ್ನೂ 46 ಉಳಿದಿತ್ತು. ನಿಜವಾಗಿ ಹೊಟ್ಟೆ ಉರಿದದ್ದು ಅದನ್ನು ನೋಡಿದಾಗ. ಒಂದು ಕಡೆಯ ಪಾಯಿಂಟ್ ಇನ್ನೊಂದು ಕಡೆಗೆ ಬರುವುದಿಲ್ಲ ಅಲ್ವಾ.

ಬೆಂಕಿ ತಡೆಯುವ ಆರ್ಮರ್, ಲೇಸರ್ ಏಟನ್ನು ಅರ್ಧಕ್ಕಿಳಿಸುವ ಆರ್ಮರ್ ಕೂಡ ಸಿಗುತ್ತವೆ. ಎದುರಾಳಿ ಏನು ತರುತ್ತಾನೆ ಅಂತ ಗೊತ್ತಿಲ್ಲದೆ ಸುಮ್ನೆ ಅವುಗಳಿಗೆ ಜಾಸ್ತಿ ದುಡ್ಡು ಹಾಕಬೇಡಿ. ಮೊದಲು ಮಾಮೂಲಿ ಪ್ಲಾಸ್ಟಿಕ್ ಆರ್ಮರನ್ನೇ ಸರಿಯಾಗಿ ಹಂಚಿ.

ಅದೇ 1,600 ಡಾಲರ್‌ಗೆ ಈಗ ನನ್ನ ಹಂಚಿಕೆ ಹೀಗಿದೆ: ಮುಂದೆ 30, ಹಿಂದೆ 20, ಎಡ ಬಲ 18, 18, ಅಡಿಗೆ 10, ಮೇಲೆ 4. ಒಂದಷ್ಟು ಗುಂಡು ಕಡಿಮೆ ಮಾಡಿ ಡ್ರೈವರ್‌ಗೆ ಬಾಡಿ ಆರ್ಮರ್ ಕೊಡಿಸಿದ್ದೇನೆ.