ಗಿರಿಗಿಟ್ಲೆ ತಿರುಗುತ್ತಿತ್ತು, ಅಟ್ಟ ಬೇಯುತ್ತಿತ್ತು: ಟರ್ಬೋ ವೆಂಟಿಲೇಟರ್ ಜೊತೆ ನಾಲ್ಕು ವರ್ಷ

ನಮ್ಮದು ಪುತ್ತೂರು ಕಡೆಯ ತೋಟದ ಮನೆ. ಮಂಗಗಳ ಕಾಟಕ್ಕೆ ವರ್ಷವೂ ಹಂಚು ಒಡೆಯುತ್ತಿತ್ತು. ಹಂಚು ಹೊದೆಸುವವರು ಸಿಗದೆ ಸಾಕಾಗಿ, 2019ರಲ್ಲಿ ಪಕಾಸುಗಳನ್ನು (ಮಾಡು ಹೊರುವ ಇಳಿಜಾರು ಮರಗಳನ್ನು) ಹಾಗೆಯೇ ಉಳಿಸಿಕೊಂಡು ಮೇಲೆ ಬಣ್ಣದ ಶೀಟು ಹಾಕಿಸಿದೆವು. ಸೋರುವುದು ನಿಂತಿತು, ಬೇಯುವುದು ಶುರುವಾಯಿತು. ಏಪ್ರಿಲ್ ಮಧ್ಯಾಹ್ನ ಹೊರಗೆ 35 ಡಿಗ್ರಿ ಇದ್ದರೆ ಅಟ್ಟದಲ್ಲಿಟ್ಟ ಥರ್ಮಾಮೀಟರ್ 50 ದಾಟುತ್ತಿತ್ತು.

ಅದಕ್ಕಿಂತ ದೊಡ್ಡ ತಲೆನೋವು ಚಳಿಗಾಲದ್ದು. ಡಿಸೆಂಬರಿನ ಬೆಳಗಿನ ಜಾವ ಶೀಟು ತಣ್ಣಗಾದಾಗ ಒಳಗಿನ ತೇವ ಅದರ ಅಡಿಯಲ್ಲಿ ಹನಿಗಟ್ಟಿ, ಹಳೆ ಅಡಿಕೆಯ ದರ ಸಿಗಲೆಂದು ಅಟ್ಟದಲ್ಲಿಟ್ಟಿದ್ದ ಚಾಲಿಯ (ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆಯ) ಗೋಣಿಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಎರಡು ಗೋಣಿ ಅಡಿಕೆಗೆ ಬೂಷ್ಟು ಹಿಡಿಯಿತು. “ಹಂಚು ಇದ್ದಾಗ ಇದೆಲ್ಲ ಇರಲಿಲ್ಲ” ಎಂದರು ಅಪ್ಪ. ನಿಜವೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚು ಸುಡಲು ತೊಡಗಿದಂದಿನಿಂದ ಬಂದ ಮಾಡುಗಳೆಲ್ಲ ಹಂಚು ಹಂಚಿನ ನಡುವಿನ ಸಂದಿಗಳಲ್ಲಿ ಉಸಿರಾಡುತ್ತಿದ್ದವು. ಶೀಟಿಗೆ ಆ ಸಂದಿಗಳೇ ಇಲ್ಲ.

ಹಾಗಾಗಿ 2021ರ ಮಾರ್ಚಿನಲ್ಲಿ 24 ಇಂಚಿನ ಎರಡು ಅಲ್ಯೂಮಿನಿಯಂ ಟರ್ಬೋ ವೆಂಟಿಲೇಟರ್ ಕೂರಿಸಿದೆ. ಕಾರ್ಖಾನೆಗಳ ಮಾಡಿನ ಮೇಲೆ ಈರುಳ್ಳಿಯಂತೆ ಉಬ್ಬಿಕೊಂಡು ತಿರುಗುತ್ತಿರುತ್ತವಲ್ಲ, ಅವೇ. ಕರೆಂಟು ಬೇಡ, ಗಾಳಿಗೆ ತಿರುಗುತ್ತವೆ. ಅಂಗಡಿಯವನು ಮೂರು ಬೇಕು ಎಂದಿದ್ದ, ನಾನು ಎರಡಕ್ಕೆ ಇಳಿಸಿದೆ. ಕೂಲಿಯೂ ಸೇರಿ ಒಂದಕ್ಕೆ ಐದೂವರೆ ಸಾವಿರ ರೂಪಾಯಿ ಬಿತ್ತು.

ಮೊದಲ ಬೇಸಗೆಯಿಡೀ ಅವು ಚೆಂದಕ್ಕೆ ತಿರುಗಿದವು, ನೆಂಟರೆಲ್ಲ ಅಂಗಳದಲ್ಲಿ ನಿಂತು ನೋಡಿದರು. ಅಟ್ಟದ ಬಿಸಿ ಮಾತ್ರ ಎರಡು ಡಿಗ್ರಿಯೂ ಇಳಿಯಲಿಲ್ಲ. ಮೋಸ ಹೋದೆ ಎಂದುಕೊಂಡೆ.

ಒಂದು ದಿನ ಊದುಬತ್ತಿ ಹಚ್ಚಿಕೊಂಡು ಅಟ್ಟ ಹತ್ತಿದೆ. ಸೂರಿನ ಬದಿಯಲ್ಲಿ, ಗೋಡೆ ಮುಗಿಯುವಲ್ಲಿ ಹಿಡಿದರೆ ಹೊಗೆ ನೆಟ್ಟಗೆ ಮೇಲೇರಿತು, ಅತ್ತಿತ್ತ ಅಲುಗಲಿಲ್ಲ. ಪೂರ್ವದ ತ್ರಿಕೋನ ಗೋಡೆಯ ತುದಿಯಲ್ಲಿ ಹಿಂದಿನ ಕಾಲದ ಮರದ ಜಾಲಂದ್ರ ಒಂದಿದೆ. ಅದರ ಹತ್ತಿರ ಹಿಡಿದಾಗ ಹೊಗೆ ಸರಕ್ಕನೆ ಒಳಮುಖವಾಗಿ ಬಾಗಿ, ನಾಲ್ಕು ಅಡಿ ದೂರದ ವೆಂಟಿಲೇಟರಿನ ಕುತ್ತಿಗೆಗೆ, ಅಂದರೆ ಅದರ ಬುಡದ ಕೊಳವೆಗೆ, ಹೋಯಿತು. ಆಗ ಅರ್ಥವಾಯಿತು. ಒಂದು ಯಂತ್ರ ಪಕ್ಕದ ಕಿಂಡಿಯ ಗಾಳಿಯನ್ನೇ ಎಳೆದು ಹೊರಗೆ ಹಾಕುತ್ತಿದೆ, ಇನ್ನೊಂದಕ್ಕೆ ಎಳೆಯಲು ಗಾಳಿಯೇ ಇಲ್ಲ. ಶೀಟು ಹಾಕುವಾಗ ಇಲಿ, ಬಾವಲಿ ಬರಬಾರದೆಂದು ಗೋಡೆಗೂ ಶೀಟಿಗೂ ನಡುವಿನ ಸಂದಿಯನ್ನು ಇಟ್ಟಿಗೆ ಇಟ್ಟು ಸಿಮೆಂಟಿನಿಂದ ಮುಚ್ಚಿಸಿದವನು ನಾನೇ.

ಆಚಾರಿಯನ್ನು ಕರೆಸಿ ಎರಡೂ ಬದಿಯ ಸೂರಿನಡಿ, ಪಕಾಸುಗಳ ನಡುವೆ, ಅರ್ಧ ಅಡಿ ಎತ್ತರ ಒಂದೂವರೆ ಅಡಿ ಉದ್ದದ ಎಂಟು ಕಿಂಡಿ ತೆಗೆಸಿ ಜಾಲರಿ ಹೊಡೆಸಿದೆ. ಮೇಲಿನ ಜಾಲಂದ್ರಕ್ಕೆ ಹಲಗೆ ಮುಚ್ಚಿದೆ. ಮರುವರ್ಷ ಏಪ್ರಿಲ್ ಮಧ್ಯಾಹ್ನಗಳಲ್ಲಿ ಅಟ್ಟ 42ರ ಆಸುಪಾಸಿನಲ್ಲಿ ನಿಂತಿತು. ಆ ಚಳಿಗಾಲದಲ್ಲಿ ಗೋಣಿಗಳ ಮೇಲೆ ಹನಿ ಬೀಳಲಿಲ್ಲ, ಆಮೇಲೂ ಬಿದ್ದಿಲ್ಲ. ಕೆಳಗಿನ ಕೋಣೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕಾದ ಶೀಟು ಸೂಸುವ ಝಳವನ್ನು ಯಾವ ವೆಂಟಿಲೇಟರೂ ತಡೆಯುವುದಿಲ್ಲ, ಅದಕ್ಕೆ ಶೀಟಿನಡಿ ಫಾಯಿಲ್ ಹೊದಿಕೆಯೇ ಬೇಕು.

ಲೆಕ್ಕ ಹಾಕಿದ್ದು ಆಮೇಲೆ. ಅಮೆರಿಕದ ಮನೆಗಳ ಕಟ್ಟಡ ನಿಯಮದಲ್ಲಿ ಅಟ್ಟದ 150 ಚದರ ಅಡಿಗೆ ಒಂದು ಚದರ ಅಡಿ ಕಿಂಡಿ ಇರಬೇಕು. ಸೂರಿನಲ್ಲೂ ತುದಿಯಲ್ಲೂ ಸರಿಯಾಗಿ ಹಂಚಿದ್ದರೆ 300ಕ್ಕೆ ಒಂದು ಸಾಕು. ನಮ್ಮ ಅಟ್ಟ 900 ಚದರ ಅಡಿ, ಅಂದರೆ ಒಟ್ಟು ಮೂರು ಚದರ ಅಡಿ ಕಿಂಡಿ. 24 ಇಂಚಿನ ಒಂದು ಕುತ್ತಿಗೆಯ ವಿಸ್ತಾರವೇ ಮೂರಕ್ಕಿಂತ ತುಸು ಹೆಚ್ಚು! ನಮ್ಮ ಬಿಸಿಲಿಗೂ ಬರಿಯ ಶೀಟಿಗೂ ಆ ಲೆಕ್ಕ ಹಾಗೆಯೇ ಒಪ್ಪುತ್ತದೆ ಎನ್ನಲಾರೆ, ಆದರೆ ಮೂರನೆಯದನ್ನು ಕೊಳ್ಳದೆ ಇದ್ದದ್ದು ಒಳ್ಳೆಯದಾಯಿತು.

ಸೋರಿಕೆಯ ಕಥೆಯನ್ನೂ ಹೇಳಬೇಕು. ಕೂರಿಸಿದವನು ಎರಡನೆಯದರ ಬುಡದ ತಟ್ಟೆಯನ್ನು ಇಳಿಜಾರಿನ ಮಧ್ಯದಲ್ಲಿ ಶೀಟಿನ ಮೇಲೇ ಇಟ್ಟು, ಸ್ಕ್ರೂ ಹೊಡೆದು, ಸುತ್ತ ಸಿಲಿಕೋನ್ ಬಳಿದಿದ್ದ. ಒಂದು ಮಳೆಗಾಲ ತಡೆಯಿತು. ಎರಡನೆಯ ಬೇಸಗೆಗೆ ಸಿಲಿಕೋನ್ ಒಣಗಿ ಉಗುರಿಗೆ ಎದ್ದು ಬರುವಂತಾಯಿತು, ಜೂನ್‌ನಲ್ಲಿ ನೀರು ಇಳಿಯಿತು. ತಟ್ಟೆಯ ಮೇಲಂಚು ಮಾಡಿನ ತುದಿಯ ಮುಚ್ಚಳದ ಅಡಿಗೆ ಸೇರಬೇಕು, ಕೆಳಗಿನ ಅಂಚು ಶೀಟಿನ ಮೇಲೆ ಬರಬೇಕು. ಹಂಚು ಹೊದೆಸಿದ ಯಾರಿಗೂ ಗೊತ್ತಿರುವ ಕ್ರಮ ಇದು. ಉದ್ದದ ತಟ್ಟೆ ತರಿಸಿ ಹಾಗೆ ಮಾಡಿದ ಮೇಲೆ ಹನಿ ಸೋರಿಲ್ಲ. ಜುಲೈಯ ಗಾಳಿಮಳೆಗೆ ರೆಕ್ಕೆಗಳ ನಡುವಿನಿಂದ ಸ್ವಲ್ಪ ಎರಚಲು ಬರುತ್ತದೆ, ಆದ್ದರಿಂದ ನೇರ ಕೆಳಗೆ ಗೋಣಿ ಇಡುವುದಿಲ್ಲ.

ಮಂಗಗಳು ಮೊದಲ ವಾರ ಹೆದರಿದವು. ಈಗ ದೊಡ್ಡದೊಂದು ವೆಂಟಿಲೇಟರನ್ನು ತಬ್ಬಿ ನಿಲ್ಲಿಸಿ ಕೂರುತ್ತದೆ. ಅದರಿಂದಲೋ ಏನೋ, ಕಳೆದ ವರ್ಷದಿಂದ ಒಂದರ ಬೇರಿಂಗ್ ರಾತ್ರಿ ಕಿರ್ರೆನ್ನತೊಡಗಿತು.

ವಸ್ತುವಿಗೆ ಐದರಲ್ಲಿ ಮೂರೂವರೆ ಅಂಕ, ಕೂರಿಸಿದವನಿಗೆ ಒಂದು. ಬೇರಿಂಗ್ ಬದಲಿಸಿಕೊಡುತ್ತೇನೆಂದಿದ್ದ ಅಂಗಡಿಯವನು ಫೋನ್ ಎತ್ತುತ್ತಿಲ್ಲ. ಅಲ್ಲಿಯವರೆಗೆ ಆ ಒಂದನ್ನು ಹಗ್ಗದಲ್ಲಿ ಕಟ್ಟಿ ನಿಲ್ಲಿಸಿದ್ದೇನೆ. ತಿರುಗದಿದ್ದರೂ ಬಿಸಿಗಾಳಿ ಅದರ ರೆಕ್ಕೆಗಳ ಸಂದಿಯಿಂದ ಹೊರಗೆ ಹೋಗುತ್ತಲೇ ಇದೆ. ಮೊನ್ನೆ ಊದುಬತ್ತಿ ಹಿಡಿದು ನೋಡಿದೆ.