ಬ್ಯಾಂಕ್ಸಿಯಾ ಬೋನ್ಸಾಯ್‌ಗೆ ಮೂಳೆ ಗೊಬ್ಬರ ಹಾಕಲೇಬೇಡಿ

ನನ್ನ ಬ್ಯಾಂಕ್ಸಿಯಾ ಸತ್ತು ಹೋಯಿತು. ರೋಗ ಬಂದಿರಲಿಲ್ಲ, ನೀರಿಗೂ ಕೊರತೆ ಇರಲಿಲ್ಲ. ಚೆನ್ನಾಗಿ ಹೂ ಬಿಡಲಿ ಅಂತ ನಾನೇ ಕೈಯಾರೆ ಹಾಕಿದ ಗೊಬ್ಬರ ಅದನ್ನು ಕೊಂದಿತು. ಆಸ್ಟ್ರೇಲಿಯಾದ ಗಿಡ ಬೋನ್ಸಾಯ್ ಮಾಡಲು ಹೊರಟವರು ದಯವಿಟ್ಟು ಇದನ್ನು ಓದಿ.

ಸಿಡ್ನಿಯ ಸಂತೆಯೊಂದರಲ್ಲಿ ಕೊಂಡ ಗಿಡ ಅದು. ಬ್ಯಾಂಕ್ಸಿಯಾ ಎರಿಸಿಫೋಲಿಯಾ. ಸೂಜಿಯಂಥ ಎಲೆ, ಮೊಣಕೈ ಎತ್ತರ. ಕೊಂಬೆಯ ಸಂದಿಯಲ್ಲಿ ಎರಡು ಮೊಗ್ಗು, ಮುಟ್ಟಿದರೆ ಮಖಮಲ್ಲಿನ ಹಾಗೆ. ಬೋನ್ಸಾಯ್‌ನಲ್ಲಿ ಎಲೆ ಚಿಕ್ಕದಾದರೂ ಇದರ ಹೂವು ಚಿಕ್ಕದಾಗುವುದಿಲ್ಲ. ಪುಟ್ಟ ಮರದ ಮೇಲೆ ಗೇಣುದ್ದದ ಕಿತ್ತಳೆ ಬಣ್ಣದ ತೆನೆ ನಿಲ್ಲುತ್ತದೆ. ಅದನ್ನು ನೋಡುವ ಆಸೆ ನನಗೆ.

ಯಾವ ಗೊಬ್ಬರ ಅಂತ ಕೇಳಿದ್ದಕ್ಕೆ ಮಾರುವವರು "ಎಲ್ಲ ಬೋನ್ಸಾಯ್‌ಗೂ ಒಂದೇ" ಅಂದು ಹೂಗಿಡದ ಗೊಬ್ಬರದ ಡಬ್ಬ ಕೊಟ್ಟರು. ನಂಬಿದೆ. ಊರಲ್ಲಿ ಅಮ್ಮ ಗುಲಾಬಿಗೆ ಮೂಳೆ ಗೊಬ್ಬರ ಹಾಕುತ್ತಿದ್ದುದನ್ನು ನೋಡಿ ಬೆಳೆದವಳು, ಕುಂಡ ಬದಲಿಸುವಾಗ ಅದನ್ನೂ ಒಂದು ಹಿಡಿ ಬೆರೆಸಿದೆ.

ಆಗಲೇ ಬೇರಿನ ಮೇಲೆ ಬೆಳ್ಳಗೆ ಏನೋ ಕಂಡಿತು. ಒತ್ತೊತ್ತಾಗಿ, ಹಲ್ಲುಜ್ಜುವ ಬ್ರಷ್ಷಿನ ಕೂದಲಿನ ಹಾಗೆ, ಮಣ್ಣನ್ನು ಕಚ್ಚಿಕೊಂಡಿತ್ತು. ಬೂಷ್ಟು ಅಂದುಕೊಂಡು ಪೈಪಿನ ನೀರು ಬಿಟ್ಟು ತೊಳೆದುಬಿಟ್ಟೆ. ಅದು ಬೂಷ್ಟಲ್ಲ, ಗಿಡಕ್ಕೆ ಊಟ ತರುವ ಬೇರು! ಸಿಡ್ನಿ ಸುತ್ತಲಿನ ಮರಳುಗಲ್ಲಿನ ಮಣ್ಣಲ್ಲಿ ರಂಜಕ, ಅಂದರೆ ಫಾಸ್ಫರಸ್, ತೀರಾ ಕಡಿಮೆ. ಇದ್ದಷ್ಟನ್ನೂ ಬಾಚಿಕೊಳ್ಳೋಕೆ ಈ ಜಾತಿ ಇಂಥ ಬೇರು ಬಿಡುತ್ತದೆ. ಜಾಸ್ತಿ ಸಿಕ್ಕಾಗ "ಸಾಕು" ಅಂತ ನಿಲ್ಲಿಸಲು ಅದಕ್ಕೆ ಬರುವುದಿಲ್ಲ. ಮೂಳೆ ಗೊಬ್ಬರದ ತುಂಬ ಇರುವುದು ಅದೇ ರಂಜಕ.

ಕೆಲವೇ ವಾರಗಳಲ್ಲಿ ಹೊಸ ಎಲೆ ಹಳದಿಯಾಯಿತು, ಹಳೆ ಎಲೆಗಳ ತುದಿ ಸುಟ್ಟ ಹಾಗೆ ಕಂದಾಯಿತು. ಪಾಪ, ಹಸಿವು ಅಂದುಕೊಂಡು ಇನ್ನಷ್ಟು ಗೊಬ್ಬರದ ನೀರು ಹಾಕಿದೆ. ಮೊಗ್ಗು ಎರಡೂ ಒಣಗಿದವು. ಕೊನೆಗೆ ಚಿಗುರಲಿ ಅಂತ ಎಲ್ಲ ಕೊಂಬೆ ಕತ್ತರಿಸಿದೆ. ಎರಿಸಿಫೋಲಿಯಾಕ್ಕೆ ಬುಡದಲ್ಲಿ ಚಿಗುರುವ ಗಡ್ಡೆ ಇರುವುದಿಲ್ಲ, ಎಲೆ ಇಲ್ಲದ ಹಳೆ ಕೊಂಬೆ ಚಿಗುರುವುದನ್ನು ನಂಬಿಕೊಳ್ಳುವ ಹಾಗೂ ಇಲ್ಲ. ಕಾಡ್ಗಿಚ್ಚಿಗೆ ಸಿಕ್ಕರೆ ಈ ಗಿಡ ಸಾಯುತ್ತದೆ, ಮತ್ತೆ ಹುಟ್ಟುವುದು ಬೀಜದಿಂದಲೇ.

ಹೊಸಬರು ಬ್ಯಾಂಕ್ಸಿಯಾ ಇಂಟೆಗ್ರಿಫೋಲಿಯಾದಿಂದ ಶುರು ಮಾಡಿ, ಅದು ಕತ್ತರಿಸಿದರೂ ಚಿಗುರುತ್ತದೆ. ಬೇರು ತೊಳೆಯಬೇಡಿ. ಕುಂಡ ಬದಲಿಸುವುದು ಚಳಿಗಾಲದಲ್ಲಲ್ಲ, ಬಿಸಿಲು ಏರಿ ಗಿಡ ಬೆಳೆಯುವಾಗ. ಗೊಬ್ಬರದ ಡಬ್ಬದಲ್ಲಿ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಶ್ ಎಷ್ಟಿದೆ ಅಂತ ಹೇಳುವ ಮೂರು ಅಂಕಿ) ನೋಡಿ, ನಡುವಿನದು ರಂಜಕದ ಅಂಕಿ, ಅದು 2ಕ್ಕಿಂತ ಕಡಿಮೆ ಇರಲಿ. ಗ್ರೆವಿಲಿಯಾ, ಹಾಕಿಯಾ, ವರಾಟಾ ಎಲ್ಲವೂ ಇದೇ ಕುಟುಂಬದವು, ಅವಕ್ಕೂ ಇದೇ ಎಚ್ಚರ ಬೇಕು. ಬೆಂಗಳೂರಿನ ಪಾರ್ಕುಗಳಲ್ಲಿ ಕಾಣುವ ಬಾಟಲ್ ಬ್ರಷ್ ಕೂಡ ಆಸ್ಟ್ರೇಲಿಯಾದ್ದೇ, ಆದರೆ ಅದು ಬೇರೆ ಕುಟುಂಬ, ಇಷ್ಟು ನಾಜೂಕಲ್ಲ.

ಯಾರಾದರೂ ಈಗಾಗಲೇ ಹಾಕಿಬಿಟ್ಟಿದ್ದರೆ, ಮೇಲೆ ಕಾಣುವ ಗೊಬ್ಬರವನ್ನೆಲ್ಲ ಇವತ್ತೇ ಕೆರೆದು ತೆಗೆಯಿರಿ. ಕುಂಡದ ತೂತಿನಿಂದ ಹರಿದು ಹೋಗುವಷ್ಟು ನೀರು ಹಾಕಿ, ಕೆಲವು ದಿನ ಹಾಗೇ ಮಾಡಿ. ಕತ್ತರಿ ಮಾತ್ರ ಮುಟ್ಟಬೇಡಿ.