ಎಸ್‌ಎಸ್‌ಡಿ ಹಾಕಿ ಮಾಡಿಕೊಂಡ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್: ಎರಡು ವರ್ಷ ಬಳಸಿದ ಮೇಲೆ

ನನ್ನ ಕ್ಯಾಮೆರಾ ಕ್ಯಾನನ್ ಆರ್5. ಅದರಲ್ಲಿ ಎರಡು ಸ್ಲಾಟ್ ಇವೆ. ಒಂದು ಎಸ್‌ಡಿ ಕಾರ್ಡಿಗೆ, ಇನ್ನೊಂದು ಅದಕ್ಕಿಂತ ವೇಗದ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ ಅನ್ನುವ ಮೆಮೊರಿ ಕಾರ್ಡಿಗೆ. ಈ ಸಿಎಫ್‌ಎಕ್ಸ್‌ಪ್ರೆಸ್ ಸ್ಲಾಟ್‌ನಲ್ಲಿ ಎರಡು ವರ್ಷದ ಮೇಲಿಂದ ಇರುವುದು ಕಂಪನಿ ಕಾರ್ಡ್ ಅಲ್ಲ. ಲ್ಯಾಪ್‌ಟಾಪಿನಲ್ಲಿ ಫೈಲ್ ಉಳಿಸಿಡುವ ಪುಟ್ಟ ಎಸ್‌ಎಸ್‌ಡಿಯನ್ನು ಅಡಾಪ್ಟರ್ ಕೇಸಿನೊಳಗೆ ಕೂರಿಸಿ ಮನೆಯಲ್ಲೇ ಮಾಡಿಕೊಂಡ 1 ಟಿಬಿ ಕಾರ್ಡ್. ನಾನು ಮಾಡಿಕೊಂಡಾಗ ಅಷ್ಟೇ ಜಾಗದ ಹೆಸರಾಂತ ಕಾರ್ಡಿನ ಅರ್ಧ ಬೆಲೆಯೂ ಆಗಲಿಲ್ಲ. ಹಕ್ಕಿ, ಪ್ರಾಣಿ ಫೋಟೊ ತೆಗೆಯುವವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಆದರೆ ಒಳಗೆ ಯಾವ ಎಸ್‌ಎಸ್‌ಡಿ ಹಾಕುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಇದು ಯಾವುದೋ ಕಳ್ಳದಾರಿ ಅಂದುಕೊಳ್ಳಬೇಡಿ. ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್ ಮಾತಾಡುವುದೇ ಪಿಸಿಐಇ ಮತ್ತು ಎನ್‌ವಿಎಂಇ ಅನ್ನುವ ಡೇಟಾ ಸಾಗಿಸುವ ಪದ್ಧತಿಗಳಲ್ಲಿ. ಇವತ್ತಿನ ಲ್ಯಾಪ್‌ಟಾಪ್ ಎಸ್‌ಎಸ್‌ಡಿಗಳದ್ದೂ ಅದೇ ಭಾಷೆ. ಹಾಗಾಗಿ ನಡುವೆ ಬರುವ ಅಡಾಪ್ಟರಿಗೆ ಕೆಲಸ ಹೆಚ್ಚೇನೂ ಇಲ್ಲ, ಈ ಕಡೆಯ ತಂತಿಯನ್ನು ಆ ಕಡೆಗೆ ಸೇರಿಸಿದರೆ ಆಯ್ತು. ಅಳತೆಯೂ ಹೊಂದುತ್ತದೆ. ಟೈಪ್ ಬಿ ಕಾರ್ಡ್ ಸುಮಾರು 30 ಮಿ.ಮೀ. ಅಗಲ, 38.5 ಮಿ.ಮೀ. ಉದ್ದ. ಎಂ.2 2230 ಅನ್ನುವ ಎಸ್‌ಎಸ್‌ಡಿ 22 ಮಿ.ಮೀ. ಅಗಲ, 30 ಮಿ.ಮೀ. ಉದ್ದ. ಸೋನಿಯವರು ಬಳಸುವ ಟೈಪ್ ಎ ಕಾರ್ಡಿನ ಅಗಲ ಬರೀ 20 ಮಿ.ಮೀ., ಅದರೊಳಗೆ ಇದು ಹಿಡಿಸುವುದಿಲ್ಲ.

ಇಷ್ಟು ವೇಗ ಯಾಕೆ ಬೇಕು ಅಂತ ಕೇಳುವವರು ಇದ್ದಾರೆ. ಆರ್5ರ ಒಂದು ರಾ (ಸಂಸ್ಕರಿಸದ) ಫೋಟೊ ಸುಮಾರು 45 ಎಂಬಿ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆಕೆಂಡಿಗೆ 20 ಫೋಟೊ. ಅಂದರೆ ಸೆಕೆಂಡಿಗೆ 900 ಎಂಬಿ ಕಾರ್ಡಿನ ಕಡೆ ಹರಿಯುತ್ತದೆ. ಎಸ್‌ಡಿ ಸ್ಲಾಟಿಗೆ ಹಾಕುವ ಯುಎಚ್‌ಎಸ್-2 ಬಗೆಯ ಕಾರ್ಡಿನ ಮಿತಿಯೇ ಸೆಕೆಂಡಿಗೆ 312 ಎಂಬಿ. ರಂಗನತಿಟ್ಟಿನಲ್ಲಿ ಬಣ್ಣದ ಕೊಕ್ಕರೆ ಕಡ್ಡಿ ಕಚ್ಚಿಕೊಂಡು ದೂರದಿಂದ ಹಾರಿ ಬರುವಾಗ ಬಟನ್ ಒತ್ತಿದರೆ, ಅದು ಗೂಡಿನ ಮೇಲೆ ರೆಕ್ಕೆ ಬಿಚ್ಚಿ ಇಳಿಯುವ ಹೊತ್ತಿಗೆ ಎಸ್‌ಡಿ ಕಾರ್ಡಿನಲ್ಲಿ ಬಫರ್ (ಫೋಟೊ ಕಾರ್ಡಿಗೆ ಹೋಗುವ ಮೊದಲು ಕಾಯುವ ತಾತ್ಕಾಲಿಕ ಮೆಮೊರಿ) ತುಂಬಿ ಕ್ಯಾಮೆರಾ ತೊದಲುತ್ತದೆ. ಬೇಕಾದ ಫೋಟೊ ಇರುವುದೇ ಅಲ್ಲಿ, ಅಲ್ವಾ? ನನ್ನ ಕಾರ್ಡಿನಲ್ಲೂ ಬಫರ್ ತುಂಬುತ್ತದೆ, ಆದರೆ ತುಂಬಾ ತಡವಾಗಿ. ಖಾಲಿಯಾಗುವುದೂ ಬೇಗ, ಮುಂದಿನ ಹಕ್ಕಿಗೆ ಕಾಯಬೇಕಾಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎಸ್‌ಎಸ್‌ಡಿ ಡಬ್ಬಿಯ ಮೇಲೆ ಸೆಕೆಂಡಿಗೆ 5000 ಎಂಬಿ ಅಂತ ಬರೆದಿದ್ದರೆ ಅದನ್ನು ಮರೆತುಬಿಡಿ. ಸಿಎಫ್‌ಎಕ್ಸ್‌ಪ್ರೆಸ್ 2.0ರ ಟೈಪ್ ಬಿಯಲ್ಲಿ ಪಿಸಿಐಇ ಮೂರನೇ ತಲೆಮಾರಿನ ಎರಡು ಲೇನ್ (ಡೇಟಾ ಹೋಗುವ ದಾರಿ) ಮಾತ್ರ ಇವೆ. ಎಂಥ ಎಸ್‌ಎಸ್‌ಡಿ ಹಾಕಿದರೂ 2000 ಎಂಬಿ ದಾಟುವುದಿಲ್ಲ. ನೋಡಬೇಕಾದ್ದು, ನಿಲ್ಲಿಸದೆ ಬರೆಯುತ್ತಾ ಹೋದರೆ ಎಷ್ಟು ವೇಗ ಉಳಿಯುತ್ತದೆ ಅನ್ನುವುದು. ಎಸ್‌ಎಸ್‌ಡಿಗಳು ಬಂದ ಡೇಟಾವನ್ನು ಮೊದಲು ಎಸ್‌ಎಲ್‌ಸಿ ಕ್ಯಾಶ್ ಅನ್ನುವ ವೇಗದ ಜಾಗದಲ್ಲಿ ಬರೆದುಕೊಳ್ಳುತ್ತವೆ, ಆಮೇಲೆ ನಿಧಾನವಾಗಿ ಒಳಗೆ ಸಾಗಿಸುತ್ತವೆ. ಗೋಡೌನ್ ಬಾಗಿಲಲ್ಲಿ ಮೂಟೆ ಇಳಿಸುವ ಕಟ್ಟೆ ಇದ್ದ ಹಾಗೆ. ಕಟ್ಟೆ ತುಂಬಿದ ಮೇಲೆ ಒಳಗೆ ಹೊರುವವರ ವೇಗವೇ ಗತಿ. ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಟಿಎಲ್‌ಸಿ ಚಿಪ್ ಇದ್ದರೆ ಆ ವೇಗ ತಕ್ಕಮಟ್ಟಿಗೆ ಇರುತ್ತದೆ. ನಾಲ್ಕು ಬಿಟ್ ಇಡುವ ಕ್ಯೂಎಲ್‌ಸಿಯಲ್ಲಿ ಪಾತಾಳಕ್ಕೆ ಇಳಿಯುತ್ತದೆ. ಕಾರ್ಡ್ ತುಂಬುತ್ತಾ ಬಂದ ಹಾಗೆ ಕ್ಯಾಶ್ ಕೂಡ ಕುಗ್ಗುತ್ತದೆ. ಆರ್5ರ 8ಕೆ ರಾ ವಿಡಿಯೊಗೆ ಸೆಕೆಂಡಿಗೆ 2600 ಮೆಗಾಬಿಟ್, ಅಂದರೆ 325 ಎಂಬಿ ಸತತವಾಗಿ ಬೇಕು. ಗೆಳೆಯರೊಬ್ಬರು ಕಡಿಮೆ ಬೆಲೆಗೆ ಸಿಕ್ಕಿತು ಅಂತ ಕ್ಯೂಎಲ್‌ಸಿ ಹಾಕಿದ್ದರು. ಫೋಟೊಗೆ ಪರವಾಗಿರಲಿಲ್ಲ. ವಿಡಿಯೊ ಮಾತ್ರ ಕಾರ್ಡ್ ಅರ್ಧ ತುಂಬಿದ ಮೇಲೆ ಪದೇ ಪದೇ ನಿಂತುಹೋಗುತ್ತಿತ್ತು.

ನನ್ನದರಲ್ಲಿ ಇರುವುದು ಡಬ್ಲ್ಯುಡಿ ಎಸ್‌ಎನ್740. ಟಿಎಲ್‌ಸಿ ಚಿಪ್, ಒಂದೇ ಮಗ್ಗುಲಲ್ಲಿ ಕೂರಿಸಿದ್ದು. ಎರಡೂ ಮಗ್ಗುಲಲ್ಲಿ ಚಿಪ್ ಇರುವುದು ಬೇಡ, ಕೇಸಿನ ದಪ್ಪ 3.8 ಮಿ.ಮೀ. ಅಷ್ಟೇ. ಇದೇ ಅಳತೆಯ ಎಸ್‌ಎಸ್‌ಡಿ ಬಳಸುವ ಸ್ಟೀಮ್ ಡೆಕ್ ಅನ್ನುವ ಗೇಮ್ ಯಂತ್ರ ಬಂದ ಮೇಲೆ ಈ 2230 ಅಳತೆಯವು ಬಿಡಿಯಾಗಿಯೂ ಚೆನ್ನಾಗಿ ಸಿಗುತ್ತಿವೆ. ಬೆಂಗಳೂರಿನವರು ಎಸ್‌ಪಿ ರೋಡಿನಲ್ಲಿ ವಿಚಾರಿಸಬಹುದು. ಲ್ಯಾಪ್‌ಟಾಪಿನಿಂದ ಬಿಚ್ಚಿದ್ದು ಕೊಟ್ಟರೆ ಅಂಗಡಿಯಲ್ಲೇ ಕಂಪ್ಯೂಟರಿಗೆ ಹಾಕಿಸಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಸಾಫ್ಟ್‌ವೇರಿನಲ್ಲಿ ಇದುವರೆಗೆ ಎಷ್ಟು ಬರೆದಿದೆ, ಆರೋಗ್ಯ ಎಷ್ಟು ಉಳಿದಿದೆ ನೋಡಿ ತಗೊಳ್ಳಿ.

ಜೋಡಿಸುವುದು ಸುಲಭ. ಥರ್ಮಲ್ ಪ್ಯಾಡ್ ಮಾತ್ರ ತಾಳ್ಮೆಯಿಂದ ಆರಿಸಿ. ಚಿಪ್ಪಿನ ಬಿಸಿ, ಲೋಹದ ಕೇಸಿಗೆ ದಾಟಬೇಕಾದರೆ ಪ್ಯಾಡ್ ಎರಡಕ್ಕೂ ತಾಗಬೇಕು. ದಪ್ಪ ಜಾಸ್ತಿ ಆದರೆ ಕೇಸ್ ಉಬ್ಬುತ್ತದೆ. ಉಬ್ಬಿದ ಕಾರ್ಡನ್ನು ಯಾವ ಕಾರಣಕ್ಕೂ ಕ್ಯಾಮೆರಾಗೆ ತುರುಕಬೇಡಿ, ಸ್ಲಾಟ್ ಹಾಳಾದರೆ ಉಳಿಸಿದ ದುಡ್ಡೆಲ್ಲ ಅಲ್ಲಿಗೇ ಹೋಗುತ್ತದೆ. ನಾನು ಮೊದಲು ತರಿಸಿದ ಕೇಸ್ ಹಾಗೇ ಇತ್ತು, ಅಂಚು ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನು ಬಿಟ್ಟು ಸ್ಕ್ರೂ ಇರುವ ಬೇರೆ ಕೇಸ್ ತಂದ ಮೇಲೆ ತೊಂದರೆ ಇಲ್ಲ. ಎಸ್‌ಎಸ್‌ಡಿಯಲ್ಲಿ ಹಳೆಯ ಪಾರ್ಟಿಶನ್ ಇದ್ದರೆ ಕಂಪ್ಯೂಟರಿನಲ್ಲಿ ಎಲ್ಲ ಅಳಿಸಿ, ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಆಮೇಲೆ ಕ್ಯಾಮೆರಾದಲ್ಲೇ ಇನ್ನೊಮ್ಮೆ ಫಾರ್ಮ್ಯಾಟ್ ಮಾಡಿ.

ಕೊರತೆಗಳೂ ಇವೆ. ಕಂಪನಿ ಕಾರ್ಡಿಗಿಂತ ಇದು ಹೆಚ್ಚು ಬಿಸಿಯಾಗುತ್ತದೆ, ಬ್ಯಾಟರಿಯನ್ನೂ ಬೇಗ ತಿನ್ನುತ್ತದೆ. ಸಫಾರಿಗೆ ಒಂದು ಬ್ಯಾಟರಿ ಜಾಸ್ತಿ ಇಟ್ಟುಕೊಳ್ಳುತ್ತೇನೆ. ಕ್ಯಾಮೆರಾ ನಿದ್ದೆಯಿಂದ ಎದ್ದ ಮೇಲೆ ಕಾರ್ಡ್ ಸಿದ್ಧವಾಗಲು ಒಂದು ಕ್ಷಣ ತಡ. ಕಬಿನಿಯಲ್ಲಿ ಚಿರತೆ ದಾರಿ ದಾಟುವುದಕ್ಕೆ ಅಷ್ಟು ಹೊತ್ತೇ ಸಾಕು. ಅದಕ್ಕೇ ಜೀಪ್ ಹತ್ತಿದ ಮೇಲೆ ಆಟೊ ಪವರ್ ಆಫ್ ತೆಗೆದುಬಿಡುತ್ತೇನೆ. ಕೇಸಿನ ಅಂಚಿಗೆ ಸೀಲ್ ಇಲ್ಲ. ಮಳೆಗಾಲದ ಮಲೆನಾಡಿನಲ್ಲಿ ಕಾರ್ಡನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲೇ ಇಡಬೇಕು. ಕ್ಯಾಮೆರಾದ ಫರ್ಮ್‌ವೇರ್ ಬದಲಾದಾಗಲೆಲ್ಲ ಮನೆಯಲ್ಲೇ ಒಂದಷ್ಟು ಫೋಟೊ, ವಿಡಿಯೊ ತೆಗೆದು ನೋಡಿಯೇ ಹೊರಗೆ ಹೋಗುತ್ತೇನೆ. ಇದುವರೆಗೆ ಒಂದು ಫೈಲೂ ಕೆಟ್ಟಿಲ್ಲ.

ಆದರೂ ಮದುವೆ ಕೆಲಸಕ್ಕೆ ಇದನ್ನು ಒಯ್ಯುವುದಿಲ್ಲ. ಹಕ್ಕಿ ನಾಳೆಯೂ ಬರಬಹುದು, ಇನ್ನೊಬ್ಬರ ಮನೆಯ ಧಾರೆ ಮತ್ತೆ ಬರುವುದಿಲ್ಲ. ದುಡ್ಡು ಕೊಟ್ಟವರ ಫೋಟೊ ಕಂಪನಿ ಕಾರ್ಡಿನಲ್ಲೇ ಇರಲಿ, ಜೊತೆಗೆ ಎಸ್‌ಡಿಯಲ್ಲೂ ಒಂದು ಪ್ರತಿ. ಎರಡೂ ಸ್ಲಾಟಿಗೆ ಒಟ್ಟಿಗೆ ಬರೆಯುವಾಗ ವೇಗ ಎಸ್‌ಡಿಯ ಮಟ್ಟಕ್ಕೆ ಇಳಿಯುತ್ತದೆ. ಹಾಗಾಗಿ ಅಲ್ಲಿ ಈ ಕಾರ್ಡಿನ ಲಾಭವೂ ಅಷ್ಟಕ್ಕಷ್ಟೇ.

ಈಗ ಹೊಸದಾಗಿ ಮಾಡಿಕೊಳ್ಳುವವರು ಬೆಲೆಯನ್ನು ಮತ್ತೊಮ್ಮೆ ಲೆಕ್ಕ ಹಾಕಿ. 2025ರ ಕೊನೆಯಿಂದ ಎಐ ಸರ್ವರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್ ಬೆಲೆ ಏರಿದೆ, ಎಸ್‌ಎಸ್‌ಡಿಯೂ ದುಬಾರಿಯಾಗಿದೆ. ಎಸ್‌ಎಸ್‌ಡಿ, ಕೇಸ್, ಪ್ಯಾಡ್ ಎಲ್ಲ ಸೇರಿ ಕಂಪನಿ ಕಾರ್ಡಿನ ಮುಕ್ಕಾಲು ಬೆಲೆ ಮುಟ್ಟಿದರೆ ನಾನಂತೂ ವಾರಂಟಿ ಇರುವ ಕಾರ್ಡನ್ನೇ ತಗೊಳ್ಳುತ್ತೇನೆ. ಮನೆಯಲ್ಲಿ ಹಳೆ ಲ್ಯಾಪ್‌ಟಾಪಿನ ಟಿಎಲ್‌ಸಿ 2230 ಸುಮ್ನೆ ಬಿದ್ದಿದ್ದರೆ ಮಾತ್ರ ಯೋಚನೆ ಮಾಡಬೇಡಿ, ಒಂದು ಕೇಸ್ ತರಿಸಿ ಹಾಕಿ ನೋಡಿ.